ಕತ್ತಿನ ಟ್ಯಾಗು

ಯಲಹಂಕದಲ್ಲಿ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿದ್ದವರು ವಾಯುಪಡೆಯ ನಿವೃತ್ತ ಅಧಿಕಾರಿ. ಆಗ ಯುದ್ಧವಿಮಾನ ಮಾರುವ ವಿದೇಶಿ ಕಂಪನಿಯೊಂದರ ಸಲಹೆಗಾರರು. ಆ ಕಂಪನಿಯ ಐಡಿ ಕಾರ್ಡಿನ ಟ್ಯಾಗು ಹಾಲು ತರಲು ಹೋಗುವಾಗಲೂ ಕತ್ತಿನಲ್ಲೇ. ಏನು ಕೇಳಿದರೂ ಒಂದೇ ಮಾತು: "ದೇಶದ ವಿಷ್ಯ ಕಣ್ರೀ." ಮಾಂಸದ ಚೂರಿಗೆ ಹಾರಿಬರುವ ಹದ್ದುಗಳು ಏರ್ ಶೋ ವಿಮಾನಗಳಿಗೆ ಅಡ್ಡ ಬರಬಾರದೆಂದು ಸುತ್ತಲಿನ ಮಟನ್ ಅಂಗಡಿಗಳನ್ನೆಲ್ಲ ಮುಚ್ಚಿಸಿದಾಗ ನಾನು ಗೊಣಗಿದೆ. "ದೇಶದ ವಿಷ್ಯ ಕಣ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಮಾಡಿಕೊಂಡೆವು, ಇನ್ನೇನು ಮಾಡೋದು!

ಅದೇ ವಾರ ಅವರ ವೈಫೈ ಕೈಕೊಟ್ಟಿತು. ಟಿವಿ ಚರ್ಚೆಗೆ ನಮ್ಮ ಹಾಲ್‌ನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಕ್ಯಾಮೆರಾ ಆನ್ ಆಗುವ ಮುಂಚೆ ಟ್ಯಾಗು ತೆಗೆದು ಜೇಬಿಗೆ ಹಾಕಿದರು. ಪರದೆಯಲ್ಲಿ ಅವರ ಹೆಸರಿನ ಕೆಳಗೆ 'ರಕ್ಷಣಾ ತಜ್ಞ' ಅಂತ ಬಂತು. "ನೆರೆದೇಶದ ಜೊತೆ ಮಾತುಕತೆ ಈಗ ಬೇಡ. ಸರ್ಕಾರ ಮೊದಲು ವಿಮಾನ ಕೊಳ್ಳಲಿ" ಎಂದು ನಮ್ಮ ಸೋಫಾ ಗುದ್ದಿ ಹೇಳಿದರು. ಯಾವ ವಿಮಾನ ಅಂತಲೂ ಹೇಳಿದರು.

ಮುಗಿದ ಮೇಲೆ ತಡೆಯಲಾರದೆ ಕೇಳಿದೆ. "ಸರ್, ಟ್ಯಾಗ್ ಯಾಕೆ ತೆಗೆದ್ರಿ?"

"ದೇಶದ ವಿಷ್ಯ ಕಣ್ರೀ. ಅಲ್ಲಿ ಕಂಪನಿ ಯಾಕೆ?" ಎನ್ನುತ್ತಲೇ ಅದನ್ನು ಮತ್ತೆ ಕತ್ತಿಗೆ ಹಾಕಿಕೊಂಡು ಫೋನ್ ಮಾಡಿದರು.

"ಸರ್, ನಮ್ಮ ವಿಮಾನದ ಹೆಸರು ಹೇಳ್ದೆ. ಕೇಳಿಸ್ಕೊಂಡ್ರಾ?"