ಡಬ್ಬಿ ಮುಚ್ಚಳದ ಸಾಕ್ಷಿ

ಇವತ್ತು ಬೆಳಿಗ್ಗೆ ಕಾಫಿಪುಡಿ ಡಬ್ಬಿಯ ಮುಚ್ಚಳ ಕೈಯಿಟ್ಟ ಕೂಡಲೇ ಎದ್ದು ಬಂತು. ಪುಡಿಯ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಈ ಡಬ್ಬಿಯ ಸ್ವಭಾವ ಗೊತ್ತಿದ್ದರೆ ಕೇಳುತ್ತಿರಲಿಲ್ಲ. ಇದು ನಮ್ಮ ಗಿರಿಜ ಚಿಕ್ಕಮ್ಮನಿಂದ ನನ್ನ ಪಾಲಿಗೆ ಬಂದ ಸ್ಟೀಲ್ ಡಬ್ಬಿ. ಒಂದು ಗುದ್ದು ಕೊಟ್ಟು ಮುಚ್ಚಿದರೆ ಮಾರನೆಯ ದಿನ ತೆಗೆಯಲು ಎರಡು ಕೈಯೂ ಸಾಲದು. ನನ್ನ ಬೆರಳ ಗಿಣ್ಣುಗಳೋ, ಎರಡು ತಿಂಗಳಿಂದ ಬೆಳಗಿನ ಹೊತ್ತು ಯಾರದೋ ಕೈಯವು ಎಂಬಂತೆ ಬಿಗಿದುಕೊಂಡಿರುತ್ತವೆ. ಅಂಥ ಕೈಗೆ ಇಂಥ ಡಬ್ಬಿ ಸುಮ್ಮನೆ ಸೋಲುವುದೆಂದರೆ ನನಗೆ ಗುಮಾನಿ.

ಗುಮಾನಿ ಪಡುವುದನ್ನು ನಾನು ಕಲಿತದ್ದೂ ಚಿಕ್ಕಮ್ಮನಿಂದಲೇ.

ತೊಂಬತ್ತರ ದಶಕದ ಮಾತು. ಶಿವಮೊಗ್ಗದಲ್ಲಿ ಓದುತ್ತಿದ್ದ ನಾನು ಹಾಸ್ಟೆಲ್ಲಿನ ಊಟಕ್ಕೆ ಹೆದರಿ ಪ್ರತಿ ಶನಿವಾರ ಭದ್ರಾವತಿಯ ಬಸ್ಸು ಹತ್ತಿ, ಕಾಗದನಗರದ ಅವರ ಕ್ವಾರ್ಟರ್ಸಿಗೆ ಬಂದುಬಿಡುತ್ತಿದ್ದೆ. ಚಿಕ್ಕಪ್ಪನಿಗೆ ಮಿಲ್ಲಿನಲ್ಲಿ ಕೆಲಸ. ಚಿಕ್ಕಮ್ಮನಿಗೆ ನಲವತ್ತು ದಾಟುವ ಮೊದಲೇ ಕೀಲುವಾತ ಹಿಡಿದಿತ್ತು. ವಯಸ್ಸಾದವರ ಮಂಡಿನೋವಲ್ಲ, ಎರಡೂ ಕೈಯ ಗಿಣ್ಣುಗಳು ಒಟ್ಟಿಗೆ ಊದಿ, ಎದ್ದು ಗಂಟೆಯಾದರೂ ಮುಷ್ಟಿ ಕಟ್ಟಲಾಗದ, ರುಮಟಾಯ್ಡ್ ಎಂಬ ಜಾತಿಯದ್ದು. ಶಿವಮೊಗ್ಗದ ಡಾಕ್ಟರು ಭಾನುವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟು, "ಇದನ್ನ ಬಿಟ್ರೆ ಬೆರಳು ಸೊಟ್ಟಗಾಗ್ತವೆ ತಾಯಿ, ಆಮೇಲೆ ನೆಟ್ಟಗೆ ಮಾಡೋಕೆ ನನ್ನಿಂದಾಗಲ್ಲ" ಎಂದಿದ್ದರು. ಜೊತೆಗೆ, ಹಿತಮಿತವಾಗಿ ತಿನ್ನಿ, ಬೆಳಿಗ್ಗೆ ಬಿಸಿನೀರಲ್ಲಿ ಬೆರಳಾಡಿಸಿ ಎಂದೂ ಹೇಳಿದ್ದರು. ಈ ಮೂರರಲ್ಲಿ ಚಿಕ್ಕಮ್ಮನಿಗೆ ರುಚಿಸಿದ್ದು ತಿನ್ನುವ ವಿಚಾರ.

ಅವಳ ಅಡುಗೆಮನೆ ಪೊಲೀಸ್ ಠಾಣೆಯಾಯಿತು. ಪರೀಕ್ಷೆಗೆ ಈ ಡಬ್ಬಿ. ಸಂಜೆ ಮುಚ್ಚಿದ ಮುಚ್ಚಳ ಬೆಳಿಗ್ಗೆ ಅವಳ ಕೈಗೆ ಬಂದರೆ ಹಿಂದಿನ ದಿನ ತಿಂದದ್ದೆಲ್ಲ ನಿರಪರಾಧಿ; ಬರದಿದ್ದರೆ ಅದರಲ್ಲೊಬ್ಬ ಕಳ್ಳನಿದ್ದಾನೆ. ಮೊದಲು ಸಿಕ್ಕಿಬಿದ್ದದ್ದು ಬದನೆಕಾಯಿ. "ಅದರ ಮೇಲೆ ನಂಗೆ ಮುಂಚಿಂದ್ಲೂ ಡೌಟಿತ್ತು ಕಣೆ, ಅದರ ಬಣ್ಣ ನೋಡು" ಎಂದಳು. ಆಮೇಲೆ ಆಲೂಗಡ್ಡೆ, ಟೊಮೆಟೊ, ತೊಗರಿಬೇಳೆ, ಮೊಸರು. ಪಕ್ಕದ ಮನೆಯ ಸೆಲ್ವಿ, "ಅಕ್ಕಾ, ಇನ್ನು ಉಪ್ಪೂ ನೀರೂ ಬಾಕಿ" ಎಂದು ಕಾಂಪೌಂಡಿನಾಚೆಯಿಂದ ಛೇಡಿಸುತ್ತಿದ್ದಳು. ಕಾಫಿಯ ಮೇಲೆ ಮಾತ್ರ ಯಾರಿಗೂ ಗುಮಾನಿ ಬರಲಿಲ್ಲ. ಸಾಕ್ಷಿ ಹೇಳುವವರನ್ನೇ ಶಂಕಿಸುವುದುಂಟೆ?

ಅಚ್ಚರಿಯೆಂದರೆ, ಇವೆಲ್ಲ ಗಡೀಪಾರಾದ ಮೇಲೆ ಮುಚ್ಚಳ ದಿನವೂ ತೆರೆಯತೊಡಗಿತು. ತಿಂಗಳುಗಟ್ಟಲೆ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ. ನಾನಂತೂ ಎಷ್ಟು ನಂಬಿದೆನೆಂದರೆ ಹಾಸ್ಟೆಲ್ಲಿನಲ್ಲಿ ವಾರಕ್ಕೆರಡು ಸಲ ಬರುವ ಬದನೆಕಾಯಿ ಹುಳಿಯನ್ನು, ಯಾವ ಗಿಣ್ಣೂ ನೋಯದಿದ್ದರೂ, ಮುನ್ನೆಚ್ಚರಿಕೆಯಿಂದ ಬಿಟ್ಟು ಬರೀ ಅನ್ನ ಮಜ್ಜಿಗೆ ಉಂಡು ಮಲಗುತ್ತಿದ್ದೆ.

ಭಾನುವಾರ ಚಿಕ್ಕಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುವುದು ವಾಡಿಕೆ. ಒಂದು ಭಾನುವಾರ ಜಡೆ ಅರ್ಧಕ್ಕೇ ಸಡಿಲವಾಯಿತು. ಮತ್ತೆ ಹೆಣೆದಳು, ಮತ್ತೆ ಜಾರಿತು. ಜಡೆಯ ಮೂರನೆಯ ಎಳೆ ಅವಳ ಬೆರಳಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅವತ್ತೂ ಮುಚ್ಚಳ ಸಲೀಸಾಗಿ ಬಂದಿತ್ತಲ್ಲ! ಕ್ಲಿಪ್ಪು ಹುಡುಕಲು ಕಪಾಟಿನ ಡ್ರಾಯರ್ ಎಳೆದರೆ ಅಲ್ಲಿ ಭಾನುವಾರದ ಮಾತ್ರೆಯ ಪಟ್ಟಿ, ಒಂದೂ ಹರಿಯದೆ, ಹೊಸದಾಗಿಯೇ ಇತ್ತು.

"ಪಥ್ಯಕ್ಕೇ ನೋವು ಬಗ್ಗಿರುವಾಗ ಆ ಉಷ್ಣದ ಮಾತ್ರೆ ಯಾಕೆ? ನಾಲ್ಕು ವಾರ ಆಯ್ತು ಬಿಟ್ಟು. ನಿನ್ ಚಿಕ್ಕಪ್ಪಂಗೆ ಹೇಳಬೇಡ" ಎಂದಳು. ಸೊಟ್ಟಗಾಗುವ ಬೆರಳುಗಳ ಮಾತು ನೆನಪಾಗಿ ನಾನು ಅವಳ ಕೈಯನ್ನೇ ನೋಡಿದೆ.

ಮುಂದಿನ ಶನಿವಾರ ಸಂಜೆಯ ಕಾಫಿಯನ್ನು ನಾನೇ ಮಾಡಿದೆ. ಚಿಕ್ಕಮ್ಮನಿಗೆ ಕೈನೋವು ಶುರುವಾದಾಗಿನಿಂದ ಅದು ಚಿಕ್ಕಪ್ಪನ ಕೆಲಸ. ಅವರು ನನ್ನ ಸುತ್ತಲೇ ಸುಳಿದಾಡುತ್ತಾ, "ನೀನು ಲೋಟ ತಗೊಂಡ್ಹೋಗು ಪುಟ್ಟಿ, ಡಬ್ಬಿ ನಾನು ಮುಚ್ತೀನಿ" ಎಂದರು. ಆ ಡಬ್ಬಿ ಮುಚ್ಚಲು ಇಷ್ಟು ಕಾತರ ಯಾಕೆ? ನಾನು ಅವರ ಎದುರಿಗೇ ನಮ್ಮಮ್ಮ ಗುದ್ದುವ ಹಾಗೆ ಮುಷ್ಟಿಯಿಂದ ಒಂದು ಗುದ್ದಿದೆ. ಅವರ ಮುಖ ಸಣ್ಣಗಾಯಿತು.

ಬೆಳಿಗ್ಗೆ ಮುಚ್ಚಳ ಬರಲಿಲ್ಲ. ಚಿಕ್ಕಮ್ಮ ಸೆರಗು ಸುತ್ತಿ ಎಳೆದಳು, ಡಬ್ಬಿಯನ್ನು ಹೊಟ್ಟೆಗೊತ್ತಿಕೊಂಡು ಎಳೆದಳು. ಕೊನೆಗೆ ಅದನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, "ನಿನ್ನೆ ಹೀರೇಕಾಯಿ ಒಂದೇ ಅಲ್ವಾ ತಿಂದಿದ್ದು? ಅದನ್ನೂ ಬಿಡಬೇಕಾ ಹಂಗಾದ್ರೆ?" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಚಿಕ್ಕಪ್ಪ, ದಿನಾ ಮುಚ್ಚಳ ಹೆಂಗೆ ಮುಚ್ತಿದ್ರಿ?" ಎಂದೆ.

"ಯಾವ ಮುಚ್ಚಳ?" ಎಂದರು, ಪೇಪರಿನಿಂದ ಮುಖ ಎತ್ತದೆ.

"ಚಿಕ್ಕಮ್ಮ ಮಾತ್ರೆ ಬಿಟ್ಟು ಐದು ವಾರ ಆಯ್ತು."

ಪೇಪರು ಕೆಳಗಿಳಿಯಿತು. ಹೆಂಡತಿಯ ಕೈಯನ್ನೇ ನೋಡುತ್ತಾ ಅವರೆಂದರು: "ಅವತ್ತು ಮುಚ್ಚಳ ಬರಲಿಲ್ಲ ಅಂತ ಒಲೆ ಮುಂದೆ ನಿಂತು ಅಳ್ತಿದ್ಯಲ್ಲ, ನೋಡಕ್ಕಾಗ್ಲಿಲ್ಲ ಮಾರಾಯ್ತಿ. ಅವತ್ತಿಂದ ಒತ್ತದೆ ಸುಮ್ನೆ ಮೇಲಿಟ್ಟಿರ್ತಿದ್ದೆ. ನೀನು ಮಾತ್ರೆ ಬಿಡ್ತೀಯ ಅಂತ ನಂಗೇನು ಗೊತ್ತು?"

ಚಿಕ್ಕಮ್ಮ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. ಸಿಟ್ಟೋ ಅಳುವೋ ಬರುತ್ತದೆಂದು ನಾವಿಬ್ಬರೂ ಕಾದೆವು.

"ಹಂಗಾದ್ರೆ ಬದನೆಕಾಯಿ?" ಎಂದಳು.

ಸೋಮವಾರ ಮೂವರೂ ಶಿವಮೊಗ್ಗಕ್ಕೆ ಹೋದೆವು. ಮುಚ್ಚಳದ ಕಥೆ ಕೇಳಿ ಡಾಕ್ಟರು ನಗಲಿಲ್ಲ. ಬಲಗೈಯ ಕಿರುಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಅದು ಆಗಲೇ ತುಸು ಹೊರಕ್ಕೆ ವಾಲಿತ್ತು. "ತೂಕ ಇಳಿದಿದೆ, ಸಂತೋಷ. ಕರಿದಿದ್ದು ಕಮ್ಮಿ ಮಾಡಿ, ತರಕಾರಿ ಬೇಳೆ ಎಲ್ಲ ತಿನ್ನಿ. ಆದ್ರೆ ಊಟ ಮಾತ್ರೆಯ ಕೆಲಸ ಮಾಡಲ್ಲ ತಾಯಿ. ಇನ್ಮೇಲೆ ಡಬ್ಬೀನ ಚಮಚದ ಹಿಡೀಲಿ ಎಬ್ಬಿಸಿ" ಎಂದರು. ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಚಿಕ್ಕಪ್ಪ ಒಂದು ಕೇಜಿ ಬದನೆಕಾಯಿ ಕೊಂಡರು.

ಆ ಕಿರುಬೆರಳು ನೆಟ್ಟಗಾಗಲಿಲ್ಲ. ಉಳಿದ ಒಂಬತ್ತು ಸೊಟ್ಟಗಾಗದೆ ನಿಂತವು. ಬೆಳಿಗ್ಗೆ ಬೋಸಿಯ ಬಿಸಿನೀರಲ್ಲಿ ಅವನ್ನು ಒಂದೊಂದಾಗಿ ಮಡಿಸಿ ಬಿಡಿಸುವುದು, ಸಂಜೆ ಕ್ವಾರ್ಟರ್ಸಿನ ರಸ್ತೆಯಲ್ಲಿ ನಿಧಾನಕ್ಕೆ ನಡೆಯುವುದು, ಭಾನುವಾರ ಚಿಕ್ಕಪ್ಪನ ಎದುರಿಗೇ ಮಾತ್ರೆ ನುಂಗುವುದು ಕೊನೆತನಕ ನಡೆಯಿತು. ಗುಮಾನಿ ಮಾತ್ರ ತರಕಾರಿಯಿಂದ ಗಂಡನಿಗೆ ವರ್ಗವಾಯಿತು. ಚಪಾತಿ ಹಿಟ್ಟು ಮೆತ್ತಗಿದ್ದರೆ ಸಾಕು, "ರೀ, ಇದನ್ನ ಮೊದಲೇ ನಾದಿಟ್ರಾ?" ಎಂದು ವಿಚಾರಣೆ.

ನನಗೀಗ ಅವಳ ಆಗಿನ ವಯಸ್ಸಿಗಿಂತ ಹೆಚ್ಚು. ಗಿಣ್ಣು ಬಿಗಿಯುವುದನ್ನು ಮನೆಯಲ್ಲಿ ಹೇಳಿಯೇ ಇಲ್ಲ. ರಾತ್ರಿಯ ಮೊಸರನ್ನು ಮಾತ್ರ ಗುಟ್ಟಾಗಿ ಬಿಟ್ಟಿದ್ದೇನೆ. ನೋಡಿ, ನಾನು ಕಲಿತದ್ದು ಇಷ್ಟೇ. ನಮ್ಮಲ್ಲೂ ಸಂಜೆಯ ಕಾಫಿ ಮಾಡಿ ಡಬ್ಬಿ ಮುಚ್ಚುವುದು ನಮ್ಮ ಯಜಮಾನರು.

ತೆರೆದ ಡಬ್ಬಿಯನ್ನು ತಂದು ಅವರ ಮುಂದಿಟ್ಟು, ಪಕ್ಕದಲ್ಲಿ ಒಂದು ಚಮಚ ಇಟ್ಟೆ. "ನಾಳೇನೇ ಡಾಕ್ಟರ ಹತ್ರ ಹೋಗೋಣ. ಇವತ್ತಿಂದ ಮುಚ್ಚಳ ಗಟ್ಟಿಯಾಗಿ ಮುಚ್ಚಿ" ಎಂದೆ.

"ಯಾವ ಮುಚ್ಚಳ?" ಎಂದರು, ಪೇಪರಿನಿಂದ ಮುಖ ಎತ್ತದೆ.