ಪರಾತ ಒಂದು, ಬಾಯಿ ನಾಲ್ಕು

ಮನೆಗೆ ಬಂದವರಿಗೆ ಕೆಲವರು ಮೊಮ್ಮಕ್ಕಳ ಫೋಟೋ ತೋರಿಸುತ್ತಾರೆ, ಕೆಲವರು ಹೊಸ ಫ್ರಿಜ್ಜಿನ ಬಾಗಿಲು ತೆರೆದು ತೋರಿಸುತ್ತಾರೆ. ನಾನು ಮಾಳಿಗೆ ಹತ್ತಿಸುತ್ತೇನೆ. ಇದು ಒಳ್ಳೆಯ ಚಾಳಿಯಲ್ಲ ಎಂಬುದು ನನಗೂ ಗೊತ್ತು. ಬಂದವರು ಚಪ್ಪಲಿ ಕಳಚುವಷ್ಟರಲ್ಲಿ ನನ್ನ ಕಣ್ಣು ಮೆಟ್ಟಿಲ ಕಡೆ ಓಡಿರುತ್ತದೆ. ಅಡುಗೆಮನೆಯಿಂದ ನನ್ನ ಹೆಂಡತಿ ಸುಮಿತ್ರಾ, "ಮದ್ಲ ಅವರಿಗೆ ಚಾ ಕುಡಿಯಾಕ ಬಿಡ್ರಿ, ಪರಾತ ಎಲ್ಲೂ ಓಡಿ ಹೋಗೂದಿಲ್ಲ" ಅನ್ನುತ್ತಾಳೆ. ಪರಾತ ಅಂದರೆ ಹಿಟ್ಟು ನಾದುವ ಅಗಲವಾದ ತಾಟು. ನಮ್ಮ ಮಾಳಿಗೆಯ ಮೇಲಿನ ಡಿಶ್ ಆಂಟೆನಾಕ್ಕೆ ನನ್ನ ಅವ್ವ ಇಟ್ಟ ಹೆಸರು ಅದು. ನಾನು ಇಡೀ ಆಯುಷ್ಯ ಕನ್ನಡ ಕಲಿಸಿದವನಾದರೂ ಅದಕ್ಕಿಂತ ಒಳ್ಳೆಯ ಕನ್ನಡ ಪದ ನನಗೆ ಸಿಕ್ಕಿಲ್ಲ.

ಹೌದು, ನಾನು ನಿವೃತ್ತ ಕನ್ನಡ ಮಾಸ್ತರ. ಹುಟ್ಟಿದ್ದು ಬೆಳಗಾವಿಯ ಶಹಾಪುರದಲ್ಲಿ, ಮಗ್ಗದ ಸದ್ದಿನ ಮಧ್ಯೆ. ಅಪ್ಪ ಸೀರೆ ನೇಯುತ್ತಿದ್ದರು. ಈಗ ಇರುವುದು ಖಾಸಬಾಗದಲ್ಲಿ. ಸಂಧಿ ಬಿಡಿಸುವುದು, ಸಮಾಸ ಕೂಡಿಸುವುದು ಬಿಟ್ಟರೆ ನನ್ನ ಕೈಯಿಂದ ಯಾವುದನ್ನೂ ಬಿಡಿಸಿದ, ಕೂಡಿಸಿದ ದಾಖಲೆ ಮನೆಯಲ್ಲಿ ಇರಲಿಲ್ಲ. ಒಮ್ಮೆ ಬಲ್ಬು ಬದಲಿಸಲು ಹೋಗಿ ಹೋಲ್ಡರನ್ನೇ ಕೈಗೆ ತಂದುಕೊಂಡ ಮೇಲೆ ಸುಮಿತ್ರಾ ಸ್ಟೂಲನ್ನು ಬಚ್ಚಿಟ್ಟಿದ್ದಳು. ಅಂಥವನು ಒಂದು ಪರಾತದಿಂದ ನಾಲ್ಕು ಟಿವಿಗೆ ಊಟ ಬಡಿಸುವ ವ್ಯವಸ್ಥೆ ಮಾಡಿದ್ದಾನೆ ಅಂದರೆ ಒಂದಿಷ್ಟು ಜಂಬ ಕೊಚ್ಚಿಕೊಳ್ಳುವ ಹಕ್ಕು ಅವನಿಗಿದೆ ಎಂದೇ ನನ್ನ ವಾದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲು ಹೊತ್ತಿನಲ್ಲಿ ಪರಾತ ತೋರಿಸುತ್ತೇನೆ, ಅಷ್ಟೇ.

ನಮ್ಮ ಪರಾತ ಆಗ್ನೇಯಕ್ಕೆ ಮುಖ ಮಾಡಿ ನಿಂತಿದೆ. ನಮ್ಮ ಕಡೆಯ ಪರಾತಗಳೆಲ್ಲ ಹೆಚ್ಚುಕಡಿಮೆ ಅದೇ ದಿಕ್ಕಿಗೆ ನಿಲ್ಲುತ್ತವೆ. ಆಗ್ನೇಯ ಅಗ್ನಿಯ ಮೂಲೆ, ಅಡುಗೆಮನೆಯ ಮೂಲೆ. ಅಡುಗೆಯ ಪಾತ್ರೆ ಅಡುಗೆಯ ದಿಕ್ಕಿಗೇ ತಿರುಗಿದೆ ಎಂದು ಅವ್ವನಿಗೆ ಸಮಾಧಾನ. ಉಪಗ್ರಹ ಬಿಟ್ಟವರಿಗೆ ಈ ವಿಚಾರ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಮೊದಲು ನಮ್ಮದೂ ಎಲ್ಲರ ಮನೆಯಂತೆ ಒಂದು ಪರಾತ, ಒಂದು ವೈರು, ಪಡಸಾಲೆಯಲ್ಲಿ ಒಂದು ಟಿವಿ. ಸಂಜೆ ಏಳಕ್ಕೆ ಅವ್ವನ ಧಾರಾವಾಹಿ. ಅದರಲ್ಲಿ ಒಬ್ಬ ಹುಡುಗಿಗೆ ನೆನಪು ಹೋಗಿ, ಗಂಡನನ್ನೇ ಅಣ್ಣಾ ಎಂದು ಕರೆಯುತ್ತಿದ್ದಳು. ಸಂಸಾರ ಹೀಗೆ ಶಾಂತವಾಗಿ ಸಾಗಿರುವಾಗ ಖಾನಾಪುರದಿಂದ ಸುಮಿತ್ರಾಳ ತಾಯಿ ಬಂದರು. ನಾವೆಲ್ಲ ಅವರನ್ನು ಆಯಿ ಎಂದೇ ಕರೆಯುವುದು. ಅವರೂ ನಮ್ಮವರೇ. ಕೊರಳಲ್ಲಿ ಅದೇ ಲಿಂಗ, ಹಣೆಯಲ್ಲಿ ಅದೇ ವಿಭೂತಿ. ಮನೆಮಾತು ಮಾತ್ರ ಮರಾಠಿ. ಬೆಳಗಾವಿಯಲ್ಲಿ ಮೊಣಕಾಲಿನ ಆಪರೇಶನ್ ಆಗಿತ್ತು. ದಿನಾ ವ್ಯಾಯಾಮ ಮಾಡಿಸಬೇಕು, ಮೂರು ತಿಂಗಳು ಇಲ್ಲೇ ಇರಲಿ ಎಂದು ಡಾಕ್ಟರು ಹೇಳಿದ್ದರು.

ಡಾಕ್ಟರು ಹೇಳಿದರೆ ಸಾಕೆ? ಆಯಿ ಹಳೆಯ ಕಾಲದವರು. ಮಗಳ ಮನೆಯ ನೀರನ್ನೂ ಲೆಕ್ಕವಿಟ್ಟು ಕುಡಿಯಬೇಕು ಎನ್ನುವ ಪೈಕಿ. ಸುಮಿತ್ರಾಳ ಮದುವೆಯಾದಾಗಿನಿಂದ ಅವರು ನಮ್ಮ ಮನೆಯಲ್ಲಿ ಎರಡು ರಾತ್ರಿ ಸಾಲಾಗಿ ಮಲಗಿದ್ದಿಲ್ಲ. ಬಂದ ದಿನವೇ ಅವರ ಚೀಲ ಮಂಚದ ಕಾಲ ಬಳಿ ಕುಳಿತುಕೊಂಡಿತು, ಬಸ್ ಸ್ಟ್ಯಾಂಡಿನಲ್ಲಿ ಕೂತಂತೆ. ಒಳಗಿನ ಒಂದು ಸೀರೆಯೂ ಕಪಾಟಿಗೆ ಹೋಗಲಿಲ್ಲ.

ಅವರಿಗೆ ಬೇಸರವಾಗದಿರಲಿ ಎಂದು ನಾನು ಒಳಕೋಣೆಯಲ್ಲಿ ಇನ್ನೊಂದು ಟಿವಿ, ಅದಕ್ಕೊಂದು ರಿಸೀವರ್ ಡಬ್ಬಿ ತಂದಿಟ್ಟೆ. ಪರಾತದಿಂದ ಬರುವ ವೈರು ಒಂದೇ. ಪೇಟೆಯಲ್ಲಿ ವಿಚಾರಿಸಿದಾಗ ಅಂಗಡಿಯವನು ಹೆಬ್ಬೆರಳಿನಷ್ಟು ದೊಡ್ಡ ತಗಡಿನ ತುಂಡೊಂದನ್ನು ಕೊಟ್ಟು, "ಒಂದು ವೈರ್ ಎರಡು ಆಗತೈತ್ರಿ ಸರ್, ನಡೀತೈತಿ ಬಿಡ್ರಿ" ಅಂದ. ನಮ್ಮ ಕಡೆ "ನಡೀತೈತಿ" ಎಂಬ ಮಾತಿಗೆ "ನಡೆಯುವವರೆಗೆ ನಡೆಯುತ್ತದೆ" ಎಂದು ಅರ್ಥ.

ಅಂದು ಸಂಜೆ ಏಳಕ್ಕೆ ಆಯಿ ತಮ್ಮ ಮರಾಠಿ ಧಾರಾವಾಹಿ ಹಚ್ಚಿದರು. ಅತ್ತೆಯೊಬ್ಬಳ ಜೊತೆ ಹಟ ಕಟ್ಟಿ ಸೊಸೆ ಮಿಠಾಯಿ ಅಂಗಡಿ ತೆರೆಯಲು ಹೊರಟ ಕಥೆ. ಅದು ಹತ್ತಿದ ಕ್ಷಣವೇ ಪಡಸಾಲೆಯಲ್ಲಿ ಅವ್ವನ ಟಿವಿಯಿಂದ ನೆನಪು ಹೋದ ಹುಡುಗಿ ಮಾಯವಾಗಿ, ಪರದೆಯ ಮೇಲೆ "ಸಿಗ್ನಲ್ ಇಲ್ಲ" ಎಂದು ಬಂತು. ಆಯಿ ಬಂದ್ ಮಾಡಿದರೆ ಹುಡುಗಿ ತಿರುಗಿ ಬಂದಳು. ಮರಾಠಿ ಹತ್ತಿದರೆ ಕನ್ನಡ ಆರುತ್ತದೆ. ಬೆಳಗಾವಿಯಲ್ಲಿ ಇಂಥದ್ದು ಆದರೆ ಸುದ್ದಿಯಾಗದೆ ಇರುತ್ತದೆಯೇ? ಪಕ್ಕದ ಮನೆಯ ಕುಲಕರ್ಣಿ ಕಂಪೌಂಡಿನ ಮೇಲಿಂದ ಇಣುಕಿ, "ಗಡಿ ತಂಟೆ ಆಕಾಶಕ್ಕೂ ಮುಟ್ಟಿತಲ್ರಿ ಮಾಸ್ತರ" ಎಂದು ನಕ್ಕರು.

ಆದರೆ ನಮ್ಮ ಮನೆಯ ಗಡಿ ತಂಟೆ ಬೇರೆ ನಮೂನೆಯದು. ಇಬ್ಬರೂ ತಮ್ಮ ತಮ್ಮ ಸೀಮೆಯನ್ನು ಬಿಟ್ಟುಕೊಡಲು ಹಟ ಹಿಡಿದಿದ್ದರು. "ಬೀಗತಿಯಾರ್ದು ಬಂದ್ ಆಗ್ತದ, ನನಗ ಬ್ಯಾಡ" ಎಂದು ಆಯಿ ತಮ್ಮದನ್ನು ಆರಿಸಿ, ವಾಕರ್ ಹಿಡಿದು ಪಡಸಾಲೆಗೆ ಬಂದು ಅವ್ವನ ಜೊತೆ ಕನ್ನಡ ನೋಡುತ್ತ ಕೂರುವರು. ಮರುದಿನ ಅವ್ವ, "ಪಾಪ, ಮನಿಗೆ ಬಂದಾಕಿ, ಆಕೀದ ನಡೀಲಿ" ಎಂದು ತನ್ನದನ್ನು ಆರಿಸಿ, ಆಯಿಯ ಮಂಚದ ತುದಿಯಲ್ಲಿ ಕೂತು ಮರಾಠಿ ನೋಡುವಳು. ಜಗಳವಾದರೆ ಬಿಡಿಸಬಹುದು. ಬೀಗಿತ್ತಿಯರ ಉಪಚಾರ ಬಿಡಿಸುವುದು ಹೇಗೆ?

ವಾರ ಕಳೆಯುವಷ್ಟರಲ್ಲಿ ಆಯಿ ತೀರ್ಪು ಕೊಟ್ಟರು. "ಅಳಿಯಂದ್ರ, ನನ್ನಿಂದ ಉಗೀಚ, ಸುಮ್ಮಸುಮ್ನ, ನಿಮಗ ತ್ರಾಸ. ಶನಿವಾರ ಮಗಾ ಬರ್ತಾನ. ಅವನ ಸಂಗಾಟ ಖಾನಾಪುರಕ್ಕ ಹೋಗಿಬಿಡ್ತೇನಿ." ಮೊಣಕಾಲು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ನೆಪ. ಅದನ್ನು ನಾನೇ ಪೇಟೆಯಿಂದ ಕೊಂಡು ತಂದು ಕೊಟ್ಟಂತಾಗಿತ್ತು.

ಸುಮಿತ್ರಾ ಆ ದಿನ ರೊಟ್ಟಿ ಬಡಿಯುವ ಸದ್ದು ಬೇರೆಯಾಗಿತ್ತು. ಊಟಕ್ಕೆ ಬಡಿಸುತ್ತ, ನನ್ನ ಮುಖ ನೋಡದೆ, "ನಿಮ್ಮ ಅವ್ವನ ಜೋಡಿ ಈ ಮನ್ಯಾಗ ನಾ ಮೂವತ್ತು ವರ್ಷ ಇದ್ದೇನಿ. ನಮ್ಮ ಆಯಿ ಜೋಡಿ ಮೂರು ತಿಂಗಳ ಇರೂದು ನನ್ನ ಹಣ್ಯಾಗ ಬರದಿಲ್ಲೇನ್ರಿ?" ಅಂದಳು. ಅವಳು ನನ್ನನ್ನು ಏನನ್ನೂ ಕೇಳುವವಳಲ್ಲ.

ಟಿವಿ ರಿಪೇರಿಯವನಿಗೆ ಫೋನು ಮಾಡಿದರೆ, ಮುಂದಿನ ವಾರ ಬರುತ್ತೇನೆ ಅಂದ. ನಮಗೆ ಮುಂದಿನ ವಾರ ಎಂಬುದೇ ಇರಲಿಲ್ಲ. ಏನಾಗಿರಬಹುದು ಅದನ್ನಾದರೂ ಹೇಳಪ್ಪ ಎಂದು ಗೋಗರೆದಾಗ, "ಸರ್, ಅದು ಎಚ್ ವಿ ಪ್ರಾಬ್ಲಮ್. ಕೆಲವು ಚಾನಲ್ ಅಡ್ಡ ಬರ್ತಾವು, ಕೆಲವು ಉದ್ದ ಬರ್ತಾವು" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಅಡ್ಡ, ಉದ್ದ. ನಾನು ಫೋನು ಹಿಡಿದುಕೊಂಡೇ ಕೂತುಬಿಟ್ಟೆ. ಶಹಾಪುರದ ಮಗ್ಗದ ಮನೆಯಲ್ಲಿ ನಾನು ಮಾತು ಕಲಿಯುವ ಮೊದಲು ಕೇಳಿದ ಪದಗಳೇ ಅವು. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಆಕಾಶದಿಂದಲೂ ಎಳೆಗಳು ಎರಡೇ ಬಗೆಯಲ್ಲಿ ಇಳಿಯುತ್ತವೆ, ಕೆಲವು ನಿಂತು, ಕೆಲವು ಮಲಗಿ. ಪರಾತದ ಮುಂದೆ ಕೋಲಿನ ತುದಿಗೆ ಕೂತು ಸಿಗ್ನಲ್ ಹಿಡಿಯುವ ಕಣ್ಣು ಒಂದು ಹೊತ್ತಿಗೆ ಒಂದನ್ನೇ ಹಿಡಿಯಬಲ್ಲದು. ಕೆಳಗಿನ ಡಬ್ಬಿ ಯಾವುದನ್ನು ಕೇಳಿತೋ ಅದನ್ನು. ಎರಡು ಡಬ್ಬಿ ಎರಡನ್ನು ಕೇಳಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಮ್ಮಲ್ಲಿ ಪ್ರತಿಸಲ ಗೆದ್ದದ್ದು ಮಲಗಿದ ಎಳೆ, ಅದು ಆಯಿಯದು. ಪರೀಕ್ಷೆಗೆಂದು ಅವ್ವನ ಟಿವಿಯಲ್ಲಿ ಬೇರೆ ಬೇರೆ ಚಾನಲ್ ಹಾಕಿ ನೋಡಿದೆ. ಕನ್ನಡದ ಭಜನೆಯ ಚಾನಲ್ಲೊಂದು ಆಯಿಯ ಮರಾಠಿಯ ಜೊತೆ ಯಾವ ತಕರಾರೂ ಇಲ್ಲದೆ ನಡೆಯಿತು. ಅದೂ ಮಲಗಿದ ಎಳೆಯದೇ ಇರಬೇಕು. ಅಂದರೆ ತಂಟೆ ಭಾಷೆಯದಲ್ಲ. ಇದನ್ನು ಕಂಡುಹಿಡಿದಾಗ ನನಗಾದ ಖುಷಿ ಯಾವ ಸಮಾಸ ಬಿಡಿಸಿದಾಗಲೂ ಆಗಿರಲಿಲ್ಲ. ಕುಲಕರ್ಣಿಯವರನ್ನು ಕಂಪೌಂಡಿಗೆ ಕರೆದು ಹೇಳಿದೆ. ಅವರಿಗೆ ಸ್ವಲ್ಪ ನಿರಾಸೆಯಾಯಿತು.

ಶುಕ್ರವಾರ ಬೆಳಿಗ್ಗೆಯೇ ಪೇಟೆಗೆ ಹೋದೆ. ಈ ಸಲ ಬೇರೆ ಅಂಗಡಿ. ಎರಡು ಬಾಯಿಯ ಹೊಸ ಕಣ್ಣು ತಂದೆ, ಒಂದು ಬಾಯಿ ಹಾಸಿನ ಎಳೆಗೆ, ಒಂದು ಹೊಕ್ಕಿನ ಎಳೆಗೆ. ಜೊತೆಗೆ ಮಲ್ಟಿಸ್ವಿಚ್ ಎಂಬ ಡಬ್ಬಿ. ಮೇಲಿನಿಂದ ಎರಡೂ ಎಳೆಗಳನ್ನು ಒಳಗೆ ತೆಗೆದುಕೊಂಡು, ಕೆಳಗಿನ ನಾಲ್ಕು ಬಾಯಿಗಳಲ್ಲಿ ಯಾರು ಯಾವುದನ್ನು ಕೇಳಿದರೂ ಅದನ್ನೇ ಕೊಡುವುದು ಅದರ ಕೆಲಸ. ಒಬ್ಬರಿಗೆ ಕೊಟ್ಟೆನೆಂದು ಇನ್ನೊಬ್ಬರದನ್ನು ಕಸಿಯುವುದಿಲ್ಲ. ಇಷ್ಟು ಸಭ್ಯತೆ ಇರುವ ಯಂತ್ರವನ್ನು ನಾನು ನೋಡಿರಲಿಲ್ಲ.

ತಾನು ಮಾಡುವುದು ಉತ್ತಮ ಎಂಬ ಗಾದೆಯನ್ನು ನೆನೆದು, ಸುಮಿತ್ರಾ ಬಚ್ಚಿಟ್ಟ ಸ್ಟೂಲನ್ನು ಕೇಳಿದೆ. ಅವಳು ನನ್ನನ್ನೊಮ್ಮೆ ನೋಡಿ ತಂದುಕೊಟ್ಟಳು. ಮಾಳಿಗೆಯ ಬಿಸಿಲಲ್ಲಿ ಕಣ್ಣು ಕೂಡಿಸಿದೆ, ವೈರಿನ ಸಿಪ್ಪೆ ಸುಲಿದೆ, ಬೆರಳಿನ ಸಿಪ್ಪೆಯೂ ಸ್ವಲ್ಪ ಸುಲಿಯಿತು. ಆಯಿಯ ಕೋಣೆಗೊಂದು, ಪಡಸಾಲೆಗೊಂದು, ನನ್ನ ಓದುವ ಕೋಣೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯ ಟಿವಿಗೊಂದು ಎಂದು ವೈರು ಇಳಿಸಿದೆ. ಡಬ್ಬಿಗೆ ಮಳೆ ತಾಗಬಾರದಲ್ಲ, ಮೂಲೆಯಲ್ಲಿ ಸುಮಿತ್ರಾಳ ತವರಿನಿಂದ ಎಂದೋ ತಂದ ಖಾನಾಪುರದ ಹಂಚು ಬಿದ್ದಿತ್ತು. ಅದನ್ನೇ ಹೊದಿಸಿದೆ. ಮಳೆಯ ವಿಷಯದಲ್ಲಿ ಖಾನಾಪುರದ ಹಂಚಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಏಳು ಗಂಟೆಗೆ ಕೆಳಗಿಳಿದೆ. ಎರಡೂ ಕಡೆಯಿಂದ ಸಂಗೀತ ಕೇಳುತ್ತಿತ್ತು, ಎರಡೂ ಟಿವಿ ಒಟ್ಟಿಗೇ ನಡೆಯುತ್ತಿದ್ದವು. ಜನ್ಮ ಸಾರ್ಥಕವಾಯಿತು ಎಂದುಕೊಂಡು ಪಡಸಾಲೆಗೆ ಹೋದರೆ ಅವ್ವನ ಟಿವಿಯಲ್ಲಿ ಮರಾಠಿ. ಒಳಕೋಣೆಗೆ ಓಡಿದರೆ ಆಯಿಯ ಟಿವಿಯಲ್ಲಿ ಕನ್ನಡ. ವೈರು ಅದಲುಬದಲಾಯಿತೇ ಎಂದುಕೊಂಡೆ. ಪಡಸಾಲೆಗೆ ಮರಳಿ, ಸರಿಮಾಡಲು ಅವ್ವನ ರಿಮೋಟಿಗೆ ಕೈ ಹಾಕಿದೆ. ಅವ್ವ ಕೈಯ ಮೇಲೆ ಒಂದು ಕೊಟ್ಟಳು.

"ಏ, ಹಂಗ ಇರ್ಲಿ ಬಿಡೋ. ಆ ಸೊಸಿ ಇವತ್ತ ಮಿಠಾಯಿ ಅಂಗಡಿ ತಗೀತಾಳೋ ಇಲ್ಲೋ ನೋಡಬೇಕು ನಾ."

ಒಳಗಿನಿಂದ ಆಯಿಯ ದನಿಯೂ ಬಂತು. "ಅಳಿಯಂದ್ರ, ನಂದೂ ಮುಟ್ಟಬ್ಯಾಡ್ರಿ. ಆ ಪೋರಿಗೆ ನೆನಪು ಬರೂ ಹಂಗ ಕಾಣ್ತದ."

ವಾರವಿಡೀ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತ ಕೂತವರು ಬಿಟ್ಟುಕೊಟ್ಟದ್ದರಲ್ಲೇ ಸಿಕ್ಕಿಬಿದ್ದಿದ್ದರು. ಇಷ್ಟು ಸಣ್ಣ ವಿಷಯ ಹಾಸು ಹೊಕ್ಕು ಎರಡನ್ನೂ ಬಲ್ಲ ನನಗೆ ಹೊಳೆದಿರಲಿಲ್ಲ. ಸುಮಿತ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು. ನನ್ನ ಹೆಮ್ಮೆಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

ಶನಿವಾರ ಆಯಿಯ ಮಗ ಬಂದ. ಅವನಿಗೂ ಮೊದಲು ಮಾಳಿಗೆ ತೋರಿಸಿದೆ. ನಾಲ್ಕನೆಯ ಬಾಯಿ ಯಾಕೆ ಖಾಲಿ ಎಂದು ಕೇಳಿದ. "ಇರ್ಲಿ. ನಾಳೆ ಬರೋರು ಯಾವ ಮಾತಿನವರೋ" ಅಂದೆ. ಅವನು ಕೆಳಗಿಳಿದು ತಾಯಿಯ ಚೀಲಕ್ಕೆ ಕೈ ಹಾಕಿದಾಗ ಆಯಿ, "ತಡಿಯೋ, ಮೊಣಕಾಲು ಇನ್ನೂ ಮಡಚವಲ್ಲದು" ಎಂದು ಅವನನ್ನು ಬರಿಗೈಯಲ್ಲಿ ಕಳಿಸಿದರು. ಕಾರಣ ಮೊಣಕಾಲೋ, ಆ ಹುಡುಗಿಯ ನೆನಪೋ, ನಾನು ಕೇಳಲು ಹೋಗಲಿಲ್ಲ. ಮೊಣಕಾಲಾದರೆ ಮೂರು ತಿಂಗಳಲ್ಲಿ ವಾಸಿಯಾಗುತ್ತದೆ. ಧಾರಾವಾಹಿಯಲ್ಲಿ ಹೋದ ನೆನಪು ಬರಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಮಗ ಹೋದ ಮೇಲೆ ಆಯಿ ಚೀಲದ ತಳದಿಂದ ಸುರುಳಿ ಸುತ್ತಿದ ಮರಾಠಿ ಕ್ಯಾಲೆಂಡರೊಂದನ್ನು ತೆಗೆದು, ಮಂಚದ ಎದುರಿನ ಗೋಡೆ ತೋರಿಸಿ ಹೇಳಿದರು. "ಅಳಿಯಂದ್ರ, ಇಷ್ಟೆಲ್ಲಾ ಮಾಡೀರಿ. ಇಲ್ಲೊಂದು ಮೊಳಿ ಹೊಡೀರಿ."

ಸುಮಿತ್ರಾ ತಾನಾಗಿಯೇ ಸ್ಟೂಲು ತಂದಿಟ್ಟಳು. ಒಂದು ಕ್ಯಾಲೆಂಡರಿಗೆ ಬೇಕಾಗುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಆಳಕ್ಕೆ ಹೊಡೆದೆ.