ಇಳಿಸಿದ ಎರಡು ವರ್ಷ

ನನ್ನ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಮಕ್ಕಳನ್ನು ಸ್ಕೂಲಿಗೆ ಕಳಿಸದ ಅಪ್ಪಂದಿರನ್ನು ಅವರ ಮನೆ ಜಗಲಿಗೇ ಹೋಗಿ ಬೈದು ಬಂದೋಳು ನಾನು, ರಾಜೇಶ್ವರಮ್ಮ ಟೀಚರು. ಅಂಥ ಬಾಯಿ ಒಂದೇ ಒಂದು ಸಲ ಕಟ್ಟಿಹೋಯಿತು, ಅದೂ ಬೇಕಾದ ಹೊತ್ತಿಗೆ. ಹಾಲಮ್ಮನ ಕಥೆ ಹೇಳಬೇಕಂದ್ರೆ ಅದನ್ನೂ ಹೇಳಲೇಬೇಕು.

ಶಿಕಾರಿಪುರ ನನ್ನ ತವರು. ಗಂಡ ತೀರಿಕೊಂಡ ಮೇಲೆ ಸೊರಬ ತಾಲ್ಲೂಕಿನಲ್ಲಿ, ಉಳವಿಯಿಂದ ಮೂರು ಮೈಲಿ ಒಳಗಿರೋ ಹಳ್ಳಿಯ ಸ್ಕೂಲಿಗೆ ಬಂದೆ. ಒಂದೇ ಕೋಣೆ, ನಾಲ್ಕು ಕ್ಲಾಸು, ನಾನೊಬ್ಬಳೇ. ಹಾಲಮ್ಮ ಆ ಊರಿನ ರೈತ ಕಲ್ಲಪ್ಪನ ಮಗಳು. ಸ್ಕೂಲಿಗೆ ಸೇರುವಾಗಲೇ ಒಂಬತ್ತು ತುಂಬಿತ್ತು, ಅದೂ ನಾನು ಮೂರು ಸಲ ಜಗಳ ಆಡಿದ ಮೇಲೆ. ಹುಟ್ಟಿದ ತಾರೀಕು ಕೇಳಿದರೆ ಕಲ್ಲಪ್ಪ, "ಕೆರೆ ಏರಿ ಒಡೆದ ಮರುವರ್ಷ, ಸಂಕ್ರಾಂತಿ ಮಾರನೇ ದಿನ, ಅಕ್ಕೋರೆ" ಅಂದ. ಲೆಕ್ಕ ಹಾಕಿದರೆ ಮೂವತ್ತೇಳನೇ ಇಸವಿ. ರಿಜಿಸ್ಟರಿಗೆ ಪೆನ್ಸಿಲಲ್ಲಿ ಬರೆದಿಟ್ಟೆ. ನಾಲ್ಕನೇ ಕ್ಲಾಸು ಮುಗಿದು ಸರ್ಟಿಫಿಕೇಟು ಕೊಡುವಾಗ ಅದರ ಮೇಲೆ ಶಾಯಿ ಹಾಕೋದು ನಮ್ಮ ಪದ್ಧತಿ.

ಹುಡುಗಿ ಎಷ್ಟು ಚುರುಕು ಅಂತೀರಿ! ಎರಡನೇ ಕ್ಲಾಸಿನಲ್ಲೇ ಅಪ್ಪನ ಕಂದಾಯದ ರಸೀತಿ ಓದಿ, "ಇದು ನಮ್ಮದಲ್ಲ, ಇನ್ನೊಬ್ಬ ಕಲ್ಲಪ್ಪಂದು" ಅಂತ ಶಾನುಭೋಗರ ಮುಂದೆ ಹಿಡಿದಳು. ಶಾನುಭೋಗರು ಕೆಂಪಗಾದರು. ಅವತ್ತೇ ನಾನು ತೀರ್ಮಾನ ಮಾಡಿದೆ, ಇವಳನ್ನ ಸಗಣಿ ಬಾಚೋಕೆ ಬಿಡಬಾರದು ಅಂತ.

ಐವತ್ತರಲ್ಲಿ ಶಿಕಾರಿಪುರದ ಅಡಿಕೆ ವ್ಯಾಪಾರಿಯೊಬ್ಬರು ತಾಯಿ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಸ್ಕಾಲರ್‌ಶಿಪ್ ಇಟ್ಟರು. ಎಸ್ಸೆಸ್ಸೆಲ್ಸಿವರೆಗೆ ಫೀಸು, ಪುಸ್ತಕ, ಬಟ್ಟೆ. ಒಂದೇ ಷರತ್ತು, ಹದಿಮೂರು ತುಂಬಿರಬಾರದು. ಹಾಲಮ್ಮನಿಗೆ ತುಂಬಿ ನಾಲ್ಕು ತಿಂಗಳಾಗಿತ್ತು. ಬರೀ ನಾಲ್ಕು ತಿಂಗಳು! ನಾನು ರಿಜಿಸ್ಟರ್ ತೆಗೆದು ಪೆನ್ಸಿಲ್ ಗುರುತು ಅಳಿಸಿದೆ. ಒಂದು ವರ್ಷ ಇಳಿಸಿದ್ದರೆ ಸಾಕಿತ್ತು. ಯಾರಾದರೂ ಕೊಂಕು ತೆಗೆದಾರು, ಇರಲಿ ಅಂತ ಎರಡು ಇಳಿಸಿ, ಮೂವತ್ತೊಂಬತ್ತು ಅಂತ ಶಾಯಿಯಲ್ಲಿ ಬರೆದೆ. ಹೆದರಿಕೆಯೇನೂ ಆಗಲಿಲ್ಲ, ಖುಷಿಯೇ ಆಯಿತು.

ಏಳು ವರ್ಷ ಅವಳು ಶಿಕಾರಿಪುರದಲ್ಲಿ ನಮ್ಮವ್ವನ ಮನೆಯಲ್ಲಿದ್ದು ಓದಿದಳು. ನಾನು ಹೋದಾಗೆಲ್ಲ ಪೇಪರು ಗಟ್ಟಿಯಾಗಿ ಓದಿಸುತ್ತಿದ್ದೆ. ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರನ್ನು ಕೂರಿಸಿ, "ಎದ್ದು ನಿಂತು ಮಾತಾಡು, ಸೆರಗು ಕಚ್ಚಬೇಡ. ಯಾವ ಕಾಗದ ಕೊಟ್ರೂ ಪೂರ್ತಿ ಓದದೆ ಇಸ್ಕೋಬೇಡ" ಅಂತ ಗದರುತ್ತಿದ್ದೆ. ಐವತ್ತೇಳರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಊರಿಗೆ ಬಂದಳು. ಆ ವರ್ಷವೇ ಕ್ಯಾಸನೂರು ಕಡೆ ಮಂಗಗಳು ಸತ್ತು ಜನಕ್ಕೂ ಜ್ವರ ಹತ್ತಿತ್ತು. ನಮ್ಮೂರಲ್ಲಿ ಇಬ್ಬರು ಮಲಗಿದಾಗ ಸೊರಬಕ್ಕೆ ಹೋಗಿ, ಆಫೀಸಿನ ಬಾಗಿಲಲ್ಲೇ ಕೂತು, ಡಾಕ್ಟರನ್ನು ಕರಕೊಂಡೇ ಬಂದವಳು ಹಾಲಮ್ಮ.

ಐವತ್ತೊಂಬತ್ತರ ಕೊನೆಗೆ ಪಂಚಾಯ್ತಿ ಚುನಾವಣೆ ಬಂತು, ಹೆಂಗಸರಿಗೂ ಜಾಗ ಇತ್ತು. ನಮ್ಮೂರಿಗೆ ಮಿಡ್ಲ್ ಸ್ಕೂಲ್ ತರಿಸ್ತೀನಿ, ನಾಲ್ಕನೇದಕ್ಕೆ ಬಿಟ್ಟ ಆರು ಹುಡುಗಿಯರನ್ನ ಮತ್ತೆ ಕೂರಿಸ್ತೀನಿ ಅಂತ ಅವಳು ಮನೆಮನೆ ತಿರುಗಿದಳು. ಕಲ್ಲಪ್ಪನಿಗೆ ಮಗಳ ಮದುವೆ ಚಿಂತೆ. "ಗೆದ್ರೆ ಐದು ವರ್ಷ ಮದುವೆ ಸುದ್ದಿ ಎತ್ತಲ್ಲ ಅಕ್ಕೋರೆ. ಇಲ್ದಿದ್ರೆ ಸಂಕ್ರಾಂತಿ ಕಳೀತಿದ್ದಂಗೆ ತಾಳಿ ಕಟ್ಟಿಸ್ತೀನಿ, ಆಮೇಲೆ ನೀವು ಬಾಯಿ ಮಾಡಬಾರ್ದು" ಅಂದ. ನಾನು ಒಪ್ಪಿಕೊಂಡೆ. ಹೆಂಗಸರೆಲ್ಲ ಅವಳ ಕಡೆಗಿದ್ದರು, ಗೆಲ್ಲೋದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಎದುರಿಗೆ ನಿಂತವಳು ಅಕ್ಕಿ ಗಿರಣಿ ಗಂಗಾಧರಪ್ಪನ ಸೋದರತ್ತೆ ಬಂಗಾರಮ್ಮ, ಹೆಬ್ಬೆಟ್ಟು. ನಾಮಪತ್ರದ ಜೊತೆ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಇಡು ಅಂತ ಹಾಲಮ್ಮನಿಗೆ ಹೇಳಿದವಳು ನಾನೇ. ಯಾರೂ ಕೇಳಿರಲಿಲ್ಲ. ಓದಿದೋಳು ಅಂತ ಗೊತ್ತಾಗಲಿ, ನನ್ನ ಹುಡುಗಿ ಅಂತ ಗೊತ್ತಾಗಲಿ ಅನ್ನೋ ಜಂಬ. ಒಂಬತ್ತು ವರ್ಷದ ಹಿಂದೆ ಮಾಡಿದ್ದು ನನಗೆ ಮರೆತೇ ಹೋಗಿತ್ತು.

ಸೊರಬದಲ್ಲಿ ನಾಮಪತ್ರ ಪರಿಶೀಲನೆ. ಚುನಾವಣೆ ಸಾಹೇಬರು ಬಂಗಾರಮ್ಮನ ನೆರೆತ ತಲೆ ನೋಡಿ, ವಯಸ್ಸು ಕೇಳದೆಯೇ ಟಿಕ್ ಹಾಕಿದರು. ಹಾಲಮ್ಮನ ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟವನು ಗಂಗಾಧರಪ್ಪ.

"ಸ್ವಾಮಿ, ಚುನಾವಣೆಗೆ ನಿಲ್ಲೋಕೆ ಇಪ್ಪತ್ತೊಂದು ಆಗಿರಬೇಕಲ್ರೀ? ಇದರಲ್ಲಿ ಇನ್ನೂ ಇಪ್ಪತ್ತು."

"ಇಪ್ಪತ್ತೆರಡು ದಾಟೈತೆ ಸ್ವಾಮಿ! ಕೆರೆ ಏರಿ ಒಡೆದ ಮರುವರ್ಷ..." ಅಂತ ಕಲ್ಲಪ್ಪ ಶುರುಮಾಡಿದ. ಮತದಾರರ ಪಟ್ಟಿಯಲ್ಲೂ ಇಪ್ಪತ್ತೆರಡು ಅಂತಲೇ ಇತ್ತು.

"ಕೆರೆ ಕಥೆ ಬೇಡಪ್ಪ, ಪಟ್ಟೀಲಿ ಇರೋದೂ ನೀವು ಬಾಯಲ್ಲಿ ಹೇಳಿದ್ದೇ. ತಾರೀಕು ಮೊದಲು ಬರೆದೋರು ಯಾರು?" ಅಂದರು ಸಾಹೇಬರು. ನಾನು ಮುಂದೆ ಬಂದೆ. "ಟೀಚರೇ, ನೀವು ಬರೆದದ್ದು ಸರಿ ಇದೆಯೋ, ತಪ್ಪೋ?"

ತಪ್ಪು ಅಂದರೆ ನನ್ನ ನೌಕರಿ ಹೋಗುತ್ತಿತ್ತು. ಅವಳ ಸರ್ಟಿಫಿಕೇಟಿಗೂ ಕುತ್ತು ಬರಬಹುದಿತ್ತು. ಅವಳಿಗೋಸ್ಕರವೇ ತಪ್ಪು ಅನ್ನಲಿಲ್ಲ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂದದ್ದು ನನ್ನ ಸಂಬಳ, ಶಿಕಾರಿಪುರದಲ್ಲಿ ಹಾಸಿಗೆ ಹಿಡಿದಿದ್ದ ನಮ್ಮವ್ವ, ಅಷ್ಟೇ. ಹಾಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ತನ್ನ ವಯಸ್ಸು ಗೊತ್ತಿತ್ತು, ಎಲ್ಲ ಗೊತ್ತಿತ್ತು.

"ಸರಿ ಇದೆ" ಅಂದೆ.

ನಾಮಪತ್ರ ವಜಾ ಆಯಿತು. ಬಂಗಾರಮ್ಮ ಅವಿರೋಧ. ಬಸ್ಸಿನಲ್ಲಿ ಹಾಲಮ್ಮ ಅಪ್ಪನ ಪಕ್ಕ ಕೂತಳು. ನನ್ನ ಪಕ್ಕ ಸೀಟು ಖಾಲಿ ಇತ್ತು.

ಎಂಟು ದಿನಕ್ಕೆ ಕಲ್ಲಪ್ಪ ಮಗಳ ಜೊತೆ ಸ್ಕೂಲಿಗೆ ಬಂದ. ದಾವಣಗೆರೆ ಕಡೆಯ ಸಂಬಂಧ ಗೊತ್ತಾಗಿತ್ತಂತೆ. "ಗಂಡಿನೋರು ಹುಡುಗಿಗೆ ವಯಸ್ಸು ಜಾಸ್ತಿ ಅಂತಾರೆ ಅಕ್ಕೋರೆ. ಇಪ್ಪತ್ತು ಅಂತ ನಿಮ್ಮ ಕೈಯಲ್ಲೇ ಒಂದು ಕಾಗದ ಬರ್ಕೊಡ್ರಿ. ಸಾಹೇಬ್ರೇ ಒಪ್ಪಿದ್ಮೇಲೆ ಅವರೇನಂತಾರೆ" ಅಂದ. ಪಾಪ, ಅವನಿಗೆ ಅದರಲ್ಲೊಂದು ಸಮಾಧಾನ.

ನಾನು ಹಾಲಮ್ಮನ ಕಡೆ ನೋಡಿದೆ. ಬೇಡ ಅಂತ ಒಂದು ಮಾತು ಅಂದಿದ್ದರೆ ಆ ರಿಜಿಸ್ಟರನ್ನೇ ಹರಿದು ಹಾಕುತ್ತಿದ್ದೆನೇನೋ. ಬರೆದೆ, ಸೀಲು ಹಾಕಿದೆ.

ಹಾಲಮ್ಮ ಕಾಗದ ಇಸ್ಕೊಳ್ಳಲಿಲ್ಲ. ಮೇಜಿನ ಮೇಲೆ ಬಗ್ಗಿ, ಮೊದಲಿಂದ ಕೊನೆವರೆಗೆ ಒಂದಕ್ಷರ ಬಿಡದೆ ಓದಿದಳು, ನಾನು ಕಲಿಸಿದ ಹಾಗೇ. ಆಮೇಲೆ ಮಡಿಸಿ ಅಪ್ಪನ ಕೈಗೆ ಕೊಟ್ಟು, "ಸರಿ ಇದೆ" ಅಂದಳು.

ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಮದುವೆ ಆಯಿತು. ಅಷ್ಟರಲ್ಲಿ ನನ್ನ ರಿಜಿಸ್ಟರ್ ಪ್ರಕಾರವೂ ಅವಳಿಗೆ ಇಪ್ಪತ್ತೊಂದು ತುಂಬಿತ್ತು.